ಸ್ವಾಪ್ ತೆಗೆಯಬೇಡಿ, ಅದರ ಜಾಗ ಬದಲಿಸಿ: 4 ಜಿಬಿ ಯಂತ್ರದ ಲಿನಕ್ಸ್‌ಗೆ ಮೆಮೊರಿ ಸೆಟ್ಟಿಂಗ್

ಮುಂಗಾರು ಬೆಳೆ ವಿಮೆ ತುಂಬುವ ಕಡೆಯ ದಿನಗಳು ಬಂದವೆಂದರೆ ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರದಂಥ ಹೋಬಳಿ ಊರುಗಳಲ್ಲಿ ಆನ್‌ಲೈನ್ ಅಂಗಡಿಗಳ ಮುಂದೆ ತೊಗರಿ, ಸೋಯಾ ಬಿತ್ತಿದವರ ಸಾಲು ಬೆಳೆಯುತ್ತದೆ. ಒಳಗಿನ ಕಂಪ್ಯೂಟರ್ ಹೆಚ್ಚಾಗಿ ಹಳೆಯದು: 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್. ಅದರ ಮೇಲೆ ಒಂದು ಟ್ಯಾಬಿನಲ್ಲಿ ವಿಮೆಯ ಪೋರ್ಟಲ್, ಇನ್ನೊಂದರಲ್ಲಿ ಪಹಣಿ, ಮತ್ತೊಂದರಲ್ಲಿ ಫ್ರೂಟ್ಸ್ ಐಡಿ, ಬದಿಯಲ್ಲಿ ವಾಟ್ಸಾಪ್ ವೆಬ್, ಹಿಂದೆ ಸ್ಕ್ಯಾನರ್ ತಂತ್ರಾಂಶ, ಒಂದೆರಡು ಪಿಡಿಎಫ್. ಹೀಗೆ ಎಲ್ಲವೂ ತೆರೆದಿರುವಾಗ ಮೌಸ್ ಬಾಣ ಇದ್ದಲ್ಲೇ ನಿಲ್ಲುತ್ತದೆ. ಡಿಸ್ಕಿನ ಪುಟ್ಟ ದೀಪ ಮಾತ್ರ ಆರದೆ ಉರಿಯುತ್ತಿರುತ್ತದೆ. ಮೊಬೈಲಿಗೆ ಬಂದ ಓಟಿಪಿಯ ಅವಧಿ ಮುಗಿಯುತ್ತದೆ, ಕೊನೆಗೆ ಪವರ್ ಬಟನ್ ಒತ್ತಿ ಹಿಡಿಯುವುದೊಂದೇ ದಾರಿ ಎನಿಸುತ್ತದೆ. ಈ ಲೇಖನ ಅಂಥ ಯಂತ್ರ ಇಟ್ಟುಕೊಂಡು ದುಡಿಯುವವರಿಗಾಗಿ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಉಚಿತ ಬೆಂಬಲ ಮುಗಿಯಿತು. ಟಿಪಿಎಂ 2.0 ಚಿಪ್ ಮತ್ತು ಹೊಸ ಪೀಳಿಗೆಯ ಪ್ರೊಸೆಸರ್ ಬೇಡುವ ವಿಂಡೋಸ್ 11 ಹಳೆಯ ಯಂತ್ರಗಳಿಗೆ ಒಗ್ಗುವುದಿಲ್ಲ. ಹಾಗಾಗಿ ಲಿನಕ್ಸ್ ಮಿಂಟ್, ಕ್ಸುಬುಂಟು ಮುಂತಾದವನ್ನು ಹಾಕಿಸಿಕೊಳ್ಳುವವರು ಹೆಚ್ಚುತ್ತಿದ್ದಾರೆ. ಕನ್ನಡಿಗರಿಗೆ ಇದೇನೂ ಹೊಸ ದಾರಿಯಲ್ಲ. ಕೇರಳದ ಕೈಟ್ ಸಂಸ್ಥೆ ಉಬುಂಟು ಆಧರಿಸಿ ಸಿದ್ಧಪಡಿಸಿದ ಲಿನಕ್ಸ್ ಮೇಲೆಯೇ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಐಟಿ ಪಾಠ ಕಲಿಯುತ್ತಾರೆ. ಆದರೆ ಲಿನಕ್ಸ್ ಹಾಕಿದೊಡನೆ 4 ಜಿಬಿ 8 ಜಿಬಿ ಆಗುವುದಿಲ್ಲ. ಮೆಮೊರಿ ತುಂಬಿದಾಗ ಏನು ಮಾಡಬೇಕು ಎಂಬುದನ್ನು ತೀರ್ಮಾನಿಸುವುದು ಕರ್ನೆಲ್, ಅಂದರೆ ಕಾರ್ಯಾಚರಣೆ ವ್ಯವಸ್ಥೆಯ ತಿರುಳು. ಅದಕ್ಕೆ ಹುಟ್ಟಿನಿಂದ ಬಂದ ಕೆಲವು ಅಂಕಿಗಳಿವೆ. ಅವನ್ನು ಬದಲಿಸಬಹುದು, ಕೆಲವನ್ನು ಬದಲಿಸಲೇಬೇಕು, ಉಳಿದವನ್ನು ಮುಟ್ಟಲೇಬಾರದು.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಆಧಾರ್ ಬೆರಳಚ್ಚು ಯಂತ್ರಗಳನ್ನು ನಡೆಸುವ ತಂತ್ರಾಂಶವಾದ ಆರ್‌ಡಿ ಸರ್ವೀಸ್ ಹೆಚ್ಚಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೆ ಸಿಗುತ್ತದೆ. ನಿಮ್ಮ ಕೆಲಸ ಬೆರಳಚ್ಚಿನ ಮೇಲೆಯೇ ನಿಂತಿದ್ದರೆ ಇಡೀ ಅಂಗಡಿಯನ್ನು ಲಿನಕ್ಸ್‌ಗೆ ಬದಲಿಸುವ ಮುನ್ನ ಆ ಸಾಧನ ನಡೆಯುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಅರ್ಜಿ ತುಂಬುವುದು, ಮುದ್ರಣ, ಸ್ಕ್ಯಾನ್, ಟೈಪಿಂಗ್ ಇಷ್ಟಕ್ಕೆ ಮೀಸಲಾದ ಎರಡನೆಯ ಯಂತ್ರವಾದರೆ ತೊಡಕಿಲ್ಲ.

ಎಲ್ಲರೂ ಹೇಳುವ ಉಪಾಯ ಏಕೆ ತಪ್ಪು

ಯಂತ್ರ ಹ್ಯಾಂಗ್ ಆಗುತ್ತದೆ ಎಂದರೆ ಯೂಟ್ಯೂಬ್ ವಿಡಿಯೋಗಳಲ್ಲಿ, ರಿಪೇರಿ ಅಂಗಡಿಗಳಲ್ಲಿ ಸಿಗುವ ಉತ್ತರ ಎರಡೇ: ಸ್ವಾಪ್ ಬಂದ್ ಮಾಡಿ, ಇಲ್ಲವೇ ಸ್ವಾಪಿನೆಸ್ ಎಂಬ ಅಂಕಿಯನ್ನು 10ಕ್ಕೆ ಇಳಿಸಿ. ಎರಡೂ ಕೇಳಲು ಸರಿಯೆನಿಸುತ್ತವೆ. ಡಿಸ್ಕ್ ನಿಧಾನ, ಸ್ವಾಪ್ ಇರುವುದು ಡಿಸ್ಕಿನಲ್ಲಿ, ಆದ್ದರಿಂದ ಸ್ವಾಪ್ ಇಲ್ಲದಿದ್ದರೆ ಯಂತ್ರ ನಿಧಾನವಾಗದು ಎಂಬುದು ಇದರ ಹಿಂದಿನ ತರ್ಕ. ಆದರೆ ಕರ್ನೆಲ್ ಮೆಮೊರಿಯನ್ನು ಹಂಚುವ ಬಗೆ ನೋಡಿದರೆ ಈ ತರ್ಕ ಅರ್ಧಕ್ಕೇ ನಿಂತುಹೋಗಿದೆ ಎಂಬುದು ತಿಳಿಯುತ್ತದೆ.

ಕರ್ನೆಲ್ ರ‍್ಯಾಮನ್ನು 4 ಕೆಬಿಯ ಪುಟಗಳಾಗಿ ಕತ್ತರಿಸಿ ಲೆಕ್ಕ ಇಡುತ್ತದೆ. 4 ಜಿಬಿ ಎಂದರೆ ಹತ್ತು ಲಕ್ಷಕ್ಕೂ ಮೀರಿದ ಪುಟಗಳು. ಇವುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಮೊದಲನೆಯದು ಡಿಸ್ಕಿನ ಯಾವುದೋ ಫೈಲಿನಿಂದ ಓದಿ ತಂದ ಪುಟ. ತೆರೆದ ಪಿಡಿಎಫ್ ಮಾತ್ರವಲ್ಲ, ಬ್ರೌಸರ್ ಎಂಬ ಪ್ರೋಗ್ರಾಮಿನ ಸ್ವಂತ ಕೋಡ್ ಕೂಡ ಈ ಜಾತಿಯದೇ. ಎರಡನೆಯದು ಯಾವ ಫೈಲಿಗೂ ಸೇರದ ಪುಟ: ನೀವು ಅರ್ಧ ತುಂಬಿದ ಅರ್ಜಿ, ಟ್ಯಾಬ್ ತನ್ನ ಲೆಕ್ಕಕ್ಕೆಂದು ಕೇಳಿ ಪಡೆದ ಜಾಗ. ಜಾಗ ಸಾಲದಾದಾಗ ಮೊದಲ ಜಾತಿಯ ಪುಟವನ್ನು ಕರ್ನೆಲ್ ಸುಮ್ಮನೆ ಬಿಸಾಡಬಹುದು, ಬೇಕಾದಾಗ ಫೈಲಿನಿಂದ ಮತ್ತೆ ಓದಿಕೊಂಡರಾಯಿತು. ಎರಡನೆಯ ಜಾತಿಯದನ್ನು ಬಿಸಾಡಿದರೆ ನಿಮ್ಮ ಅರ್ಜಿಯೇ ಹೋಯಿತು. ಅದನ್ನು ಎಲ್ಲಾದರೂ ಬರೆದಿಡಲೇಬೇಕು, ಹಾಗೆ ಬರೆದಿಡುವ ಜಾಗವೇ ಸ್ವಾಪ್.

ಈಗ ಸ್ವಾಪ್ ತೆಗೆದುಬಿಟ್ಟಿರಿ ಎನ್ನಿ. ಬೆಳಿಗ್ಗೆ ತೆರೆದು ಮರೆತ ಟ್ಯಾಬಿನ ಪುಟಗಳು ಬೇಡವಾಗಿದ್ದರೂ ರ‍್ಯಾಮಿನಲ್ಲೇ ಗಟ್ಟಿಯಾಗಿ ಕೂರುತ್ತವೆ, ಅವನ್ನು ಹೊರಹಾಕಲು ಕರ್ನೆಲ್‌ಗೆ ದಾರಿಯೇ ಇಲ್ಲ. ಬಿಸಾಡಲು ಉಳಿದದ್ದು ಫೈಲ್ ಪುಟಗಳು ಮಾತ್ರ. ಅವು ಕಡಿಮೆಯಾಗುತ್ತ ಬಂದಂತೆ ಈಗ ಓಡುತ್ತಿರುವ ಬ್ರೌಸರಿನ ಕೋಡನ್ನೇ ಅದು ಬಿಸಾಡತೊಡಗುತ್ತದೆ, ಮರುಕ್ಷಣವೇ ಡಿಸ್ಕಿನಿಂದ ಮತ್ತೆ ತರುತ್ತದೆ, ಮತ್ತೆ ಬಿಸಾಡುತ್ತದೆ. ಸ್ವಾಪ್ ಇಲ್ಲದ ಯಂತ್ರದಲ್ಲೂ ಡಿಸ್ಕಿನ ದೀಪ ಉರಿಯುತ್ತಲೇ ಇರುವುದು ಈ ಕಾರಣಕ್ಕೆ. ಕರ್ನೆಲ್ ಅಭಿವೃದ್ಧಿಯಲ್ಲಿ ದುಡಿದ ಕ್ರಿಸ್ ಡೌನ್ 2018ರಲ್ಲಿ ಸ್ವಾಪ್ ಪರವಾಗಿ ಬರೆದ ಲೇಖನದ ತಿರುಳೂ ಇದೇ. ತುರ್ತಿಗೆ ಬೇಕಾದ ಹೆಚ್ಚುವರಿ ರ‍್ಯಾಮ್ ಎಂದು ಸ್ವಾಪನ್ನು ನೋಡುವುದು ಸರಿಯಲ್ಲ. ಎರಡೂ ಜಾತಿಯ ಪುಟಗಳ ಮೇಲೆ ಒತ್ತಡವನ್ನು ಸಮವಾಗಿ ಹಂಚುವುದು ಅದರ ಕೆಲಸ.

ಹಾಗಿದ್ದರೆ ಡಿಸ್ಕ್ ನಿಧಾನ ಎಂಬುದು ಸುಳ್ಳೇ? ಖಂಡಿತ ನಿಜ. ತಿರುಗುವ ಹಾರ್ಡ್ ಡಿಸ್ಕ್ ಅಲ್ಲೊಂದು ಇಲ್ಲೊಂದು ಚದುರಿದ ಪುಟವನ್ನು ಹುಡುಕಿ ತರಲು ಸುಮಾರು 10 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಸೆಕೆಂಡಿಗೆ ನೂರು ಪುಟ, ಅಂದರೆ ಬರೀ 400 ಕೆಬಿ. ಅದೇ 4 ಕೆಬಿಯ ಪುಟವನ್ನು ಎಲ್‌ಝಡ್4 ಎಂಬ ವಿಧಾನದಿಂದ ಒತ್ತಿ ಚಿಕ್ಕದು ಮಾಡಿ ರ‍್ಯಾಮಿನಲ್ಲೇ ಇಡಲು, ಮತ್ತೆ ಬಿಚ್ಚಲು ಹಳೆಯ ಪ್ರೊಸೆಸರಿಗೂ ಕೆಲವೇ ಮೈಕ್ರೋಸೆಕೆಂಡ್ ಸಾಕು. ಪರಿಹಾರ ಇರುವುದು ಈ ಅಂತರದಲ್ಲಿ. ಸ್ವಾಪ್ ಬೇಕು, ಆದರೆ ಅದು ಡಿಸ್ಕಿನಲ್ಲಿ ಇರಬೇಕಿಲ್ಲ. ರ‍್ಯಾಮಿನದೇ ಒಂದು ಭಾಗವನ್ನು ಒತ್ತಿ ಇಡುವ ಸ್ವಾಪ್ ಆಗಿಸಬಹುದು. ಇದಕ್ಕೆ ಝಡ್‌ರ‍್ಯಾಮ್ ಎಂದು ಹೆಸರು. 2014ರ 3.14 ಆವೃತ್ತಿಯಿಂದ ಇದು ಕರ್ನೆಲ್‌ನ ಭಾಗವಾಗಿಯೇ ಬರುತ್ತಿದೆ. ಫೆಡೋರಾ ಎಂಬ ಲಿನಕ್ಸ್ ತನ್ನ 33ನೆಯ ಆವೃತ್ತಿಯಿಂದ ಇದನ್ನೇ ರೂಢಿಯ ಸ್ವಾಪ್ ಮಾಡಿಕೊಂಡಿದೆ. ಲಿನಕ್ಸ್ ಮಿಂಟ್‌ನಲ್ಲಿ, ಕ್ಸುಬುಂಟುವಿನಲ್ಲಿ ನಾವೇ ಹಾಕಿಕೊಳ್ಳಬೇಕು.

ಮಾಡುವ ಬಗೆ

ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲೇ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಸೆಟ್ಟಿಂಗ್‌ಗಳ ಹೆಸರಿನಲ್ಲಿ ಎರಡು ಪದಗಳ ನಡುವೆ ಅಂಡರ್‌ಸ್ಕೋರ್ ಬರುತ್ತದೆ, ಬೇರೆಯಿದ್ದಲ್ಲಿ ಹೇಳಿದೆ.

1. ಮೊದಲು ಅಳೆಯಿರಿ. ಅಂಗಡಿ ಗದ್ದಲದಲ್ಲಿರುವಾಗ, ಎಲ್ಲ ಟ್ಯಾಬ್ ತೆರೆದಿರುವಾಗಲೇ ಟರ್ಮಿನಲ್‌ನಲ್ಲಿ 'ಫ್ರೀ ಡ್ಯಾಶ್ ಎಚ್' ಕೊಡಿ. ಹೆಚ್ಚಿನವರು 'ಫ್ರೀ' ಎಂಬ ಕಾಲಂ ನೋಡಿ 150 ಎಂಬಿಯಷ್ಟೇ ಉಳಿದಿದೆ ಎಂದು ಗಾಬರಿಯಾಗುತ್ತಾರೆ. ಅದು ನೋಡಬೇಕಾದ ಕಾಲಂ ಅಲ್ಲ. ಖಾಲಿ ಬಿದ್ದ ರ‍್ಯಾಮ್ ಯಾರಿಗೂ ಉಪಯೋಗವಿಲ್ಲವೆಂದು ಕರ್ನೆಲ್ ಅದರಲ್ಲಿ ಫೈಲ್ ಪುಟಗಳನ್ನು ತುಂಬಿಡುತ್ತದೆ. ಕೊನೆಯಲ್ಲಿರುವ 'ಅವೈಲಬಲ್' ಕಾಲಂ ನೋಡಿ, ಹೊಸದಾಗಿ ತೆರೆಯುವ ಪ್ರೋಗ್ರಾಮಿಗೆ ನಿಜಕ್ಕೂ ಸಿಗಬಹುದಾದಷ್ಟು ಅದು. ಆಮೇಲೆ 'ಪ್ರಾಕ್' ಫೋಲ್ಡರಿನೊಳಗೆ 'ಪ್ರೆಶರ್', ಅದರೊಳಗೆ 'ಮೆಮೊರಿ' ಎಂಬ ಫೈಲನ್ನು 'ಕ್ಯಾಟ್' ಕಮಾಂಡಿನಿಂದ ಓದಿ. 2018ರ 4.20 ಕರ್ನೆಲ್‌ನಿಂದ ಬಂದ ಸೌಲಭ್ಯ ಇದು. 'ಫುಲ್' ಎಂಬ ಸಾಲಿನ 'ಎವಿಜಿ10' ಅಂಕಿ, ಕಳೆದ ಹತ್ತು ಸೆಕೆಂಡಿನಲ್ಲಿ ಶೇಕಡಾ ಎಷ್ಟು ಹೊತ್ತು ಎಲ್ಲ ಕೆಲಸವೂ ಮೆಮೊರಿಗಾಗಿ ಕಾಯುತ್ತ ನಿಂತಿತ್ತು ಎಂದು ಹೇಳುತ್ತದೆ. ಸೊನ್ನೆಯ ಹತ್ತಿರವಿದ್ದರೆ ನಿಮ್ಮ ಯಂತ್ರದ ನಿಧಾನಕ್ಕೆ ಮೆಮೊರಿ ಕಾರಣವಲ್ಲ. ನೆಟ್‌ವರ್ಕ್ ಇರಬಹುದು, ಪೋರ್ಟಲ್ಲೇ ಕೂತಿರಬಹುದು, ಹಾರ್ಡ್ ಡಿಸ್ಕ್ ಸಾಯುತ್ತಿರಬಹುದು. ಹಾಗಿದ್ದರೆ ಮುಂದಿನ ಯಾವ ಹೆಜ್ಜೆಯಿಂದಲೂ ಪ್ರಯೋಜನವಿಲ್ಲ. ಹತ್ತು, ಇಪ್ಪತ್ತು ಎಂದು ಏರುತ್ತಿದ್ದರೆ ಮುಂದುವರಿಯಿರಿ, ಈಗಿನ ಅಂಕಿಯನ್ನು ಬರೆದಿಟ್ಟುಕೊಳ್ಳಿ.

2. ಝಡ್‌ರ‍್ಯಾಮ್ ಹಾಕಿ. ಮಿಂಟ್, ಉಬುಂಟು, ಡೆಬಿಯನ್ ಬಳಗದಲ್ಲಿ 'ಸುಡೋ ಆಪ್ಟ್ ಇನ್‌ಸ್ಟಾಲ್ ಝಡ್‌ರ‍್ಯಾಮ್-ಟೂಲ್ಸ್' ಎಂದರೆ ಸಾಕು (ಇಲ್ಲಿ ನಡುವೆ ಇರುವುದು ಡ್ಯಾಶ್). 'ಇಟಿಸಿ' ಫೋಲ್ಡರಿನ 'ಡಿಫಾಲ್ಟ್' ಎಂಬ ಫೋಲ್ಡರಿನಲ್ಲಿ 'ಝಡ್‌ರ‍್ಯಾಮ್‌ಸ್ವಾಪ್' ಎಂಬ ಫೈಲ್ ಸಿಗುತ್ತದೆ. ಅದರಲ್ಲಿ 'ಆಲ್ಗೋ' ಎಂಬಲ್ಲಿ ಎಲ್‌ಝಡ್4, 'ಪರ್ಸೆಂಟ್' ಎಂಬಲ್ಲಿ 50 ಎಂದಿರಲಿ. ಸಾಲಿನ ಮೊದಲಿಗೆ ಹ್ಯಾಶ್ ಗುರುತಿದ್ದರೆ ತೆಗೆಯಿರಿ, ಈ ಎರಡು ಹೆಸರು ಮಾತ್ರ ದೊಡ್ಡ ಅಕ್ಷರದಲ್ಲೇ ಉಳಿಯಬೇಕು. ಉಳಿಸಿ, ಯಂತ್ರವನ್ನು ಮರುಚಾಲೂ ಮಾಡಿ, 'ಝಡ್‌ರ‍್ಯಾಮ್‌ಸಿಟಿಎಲ್' ಎಂಬ ಕಮಾಂಡಿನಿಂದ ನೋಡಿ. ಇಲ್ಲಿ 50 ಎಂದರೆ ರ‍್ಯಾಮಿನ ಅರ್ಧವನ್ನು ಆಗಲೇ ಕಬಳಿಸಿತು ಎಂದರ್ಥವಲ್ಲ. ಒತ್ತುವ ಮುಂಚಿನ ಅಳತೆಯಲ್ಲಿ 2 ಜಿಬಿಯವರೆಗೆ ಒಳಗೆ ಬಿಟ್ಟುಕೊಳ್ಳುತ್ತದೆ ಎಂದಷ್ಟೇ. ಸಾಮಾನ್ಯ ಕಚೇರಿ ಕೆಲಸದ ಪುಟಗಳು ಎರಡರಿಂದ ಮೂರು ಪಟ್ಟು ಕುಗ್ಗುತ್ತವೆ, ಹಾಗಾಗಿ ಪೂರ್ತಿ ತುಂಬಿದಾಗಲೂ ಹಿಡಿಯುವುದು 700 ಎಂಬಿಯಿಂದ 1 ಜಿಬಿ. ಅಂದರೆ 1 ಜಿಬಿಗೂ ಮಿಕ್ಕಿ ಜಾಗ ನಿಮಗೆ ಸಿಕ್ಕಿತು. ಕೆಲವು ದಿನ ಬಿಟ್ಟು 'ಡೇಟಾ' ಮತ್ತು 'ಕಾಂಪ್ರ್' ಎಂಬ ಎರಡು ಕಾಲಂ ಹೋಲಿಸಿ. ಮೊದಲನೆಯದು ಎರಡನೆಯದರ ಎರಡೂವರೆ ಪಟ್ಟಾದರೂ ಇದ್ದರೆ 50ನ್ನು 75ಕ್ಕೆ ಏರಿಸಬಹುದು. ಫೆಡೋರಾ 34ರಿಂದ ರ‍್ಯಾಮಿನಷ್ಟೇ ದೊಡ್ಡ ಝಡ್‌ರ‍್ಯಾಮ್ ಇಡುತ್ತದೆ, 8 ಜಿಬಿಯ ಮಿತಿಯೊಳಗೆ.

3. ಡಿಸ್ಕಿನ ಸ್ವಾಪ್ ಈಗ ಬಿಡಿಸಿ. ಕ್ರಮ ಮುಖ್ಯ: ಝಡ್‌ರ‍್ಯಾಮ್ ನಡೆಯುತ್ತಿದೆ ಎಂದು ಕಣ್ಣಾರೆ ನೋಡಿದ ಮೇಲೆಯೇ ಇದು. ತಿರುಗುವ ಹಾರ್ಡ್ ಡಿಸ್ಕ್ ಇದ್ದವರಿಗೆ ಮಾತ್ರ ಈ ಹೆಜ್ಜೆ. ಎರಡೂ ಇದ್ದರೆ ಏನಾಗುತ್ತದೆಂದರೆ, ಮೊದಲು ಹೊರಬೀಳುವ ಹಳೆಯ, ಯಾರಿಗೂ ಬೇಡದ ಪುಟಗಳು ವೇಗದ ಝಡ್‌ರ‍್ಯಾಮನ್ನು ತುಂಬಿಕೊಂಡು ಕೂರುತ್ತವೆ, ಆಮೇಲೆ ಬರುವ ಬಿಸಿ ಪುಟಗಳು ನಿಧಾನದ ಡಿಸ್ಕಿಗೆ ಹೋಗುತ್ತವೆ. ಬೇಕಾದದ್ದಕ್ಕೆ ತಿರುಗುಮುರುಗು. 'ಇಟಿಸಿ' ಫೋಲ್ಡರಿನ 'ಎಫ್‌ಎಸ್‌ಟ್ಯಾಬ್' ಫೈಲಿನಲ್ಲಿ 'ಸ್ವಾಪ್' ಎಂಬ ಪದವಿರುವ ಸಾಲಿನ ಮುಂದೆ ಹ್ಯಾಶ್ ಗುರುತು ಹಾಕಿ ಮರುಚಾಲೂ ಮಾಡಿ. ಆ ಫೈಲಿನಲ್ಲಿ ಬೇರೆ ಸಾಲು ಕೆಟ್ಟರೆ ಯಂತ್ರ ಚಾಲೂ ಆಗದೆ ಹೋದೀತು, ಆದ್ದರಿಂದ ಮೊದಲು ಅದರ ಪ್ರತಿ ತೆಗೆದಿಡಿ. ಹೈಬರ್ನೇಟ್ ಬಳಸುವವರು ಈ ಹೆಜ್ಜೆ ಬಿಡಬೇಕು, ಅದಕ್ಕೆ ಡಿಸ್ಕಿನ ಸ್ವಾಪ್ ಬೇಕೇಬೇಕು. ಎಸ್‌ಎಸ್‌ಡಿ ಇದ್ದವರೂ ಬಿಡಬಹುದು. ಅವರ ಡಿಸ್ಕಿನ ಸ್ವಾಪ್ ಕಡಿಮೆ ಆದ್ಯತೆಯಲ್ಲಿ ಹಿಂದೆ ನಿಂತಿರುತ್ತದೆ, ತೊಂದರೆ ಮಾಡದು.

4. ಸ್ವಾಪಿನೆಸ್ ಇಳಿಸಬೇಡಿ, ಏರಿಸಿ. ರೂಢಿಯ ಅಂಕಿ 60. ಇದನ್ನು ಬಹಳ ಜನ ತಪ್ಪಾಗಿ ತಿಳಿದಿದ್ದಾರೆ. ರ‍್ಯಾಮ್ ಶೇಕಡಾ 60 ತುಂಬಿದಾಗ ಸ್ವಾಪ್ ಶುರು ಎಂಬ ಮಾತು ಎಲ್ಲೆಲ್ಲೂ ಓಡಾಡುತ್ತಿದೆ, ಅದರಲ್ಲಿ ಹುರುಳಿಲ್ಲ. ಸ್ವಾಪಿನಿಂದ ಪುಟ ತರುವ ಖರ್ಚು ಮತ್ತು ಫೈಲಿನಿಂದ ಪುಟ ತರುವ ಖರ್ಚು, ಇವೆರಡರ ತುಲನೆ ಈ ಅಂಕಿ. 100 ಎಂದರೆ ಎರಡೂ ಸಮ. 60 ಎಂದರೆ ಸ್ವಾಪ್ ಸ್ವಲ್ಪ ದುಬಾರಿ, ಫೈಲ್ ಪುಟಗಳನ್ನೇ ಮೊದಲು ಬಿಸಾಡು ಎಂದು ಹೇಳಿದಂತೆ. ಸ್ವಾಪ್ ಡಿಸ್ಕಿನಲ್ಲಿದ್ದಾಗ ಅದು ಒಪ್ಪುವ ಊಹೆ. ಈಗ ಸ್ವಾಪ್ ರ‍್ಯಾಮಿನಲ್ಲಿದೆ, ನಿಧಾನವಾದದ್ದು ಫೈಲುಗಳಿರುವ ಡಿಸ್ಕ್. ಊಹೆ ತಲೆಕೆಳಗಾದ ಮೇಲೂ ಅಂಕಿಯನ್ನು ಹಾಗೇ ಬಿಟ್ಟರೆ ಕರ್ನೆಲ್ ತಪ್ಪು ಪುಟಗಳನ್ನೇ ಹೊರಹಾಕುತ್ತದೆ. 2020ರ 5.8 ಕರ್ನೆಲ್‌ನಿಂದ ಈ ಅಂಕಿಯನ್ನು 200ರವರೆಗೆ ಏರಿಸಲು ಬಿಟ್ಟಿರುವುದು ಇಂಥ ಸ್ವಾಪ್‌ಗಾಗಿಯೇ. ಸ್ವಾಪ್ ಎರಡು ಪಟ್ಟು ವೇಗವಿದ್ದರೆ 133 ಇಡಿ ಎಂದು ಕರ್ನೆಲ್ ಕೈಪಿಡಿ ಉದಾಹರಣೆ ಕೊಡುತ್ತದೆ. ಒಟ್ಟು 200ನ್ನು ಎರಡಕ್ಕೆ ಒಂದರಂತೆ ಹಂಚಿದರೆ ಬರುವ ಲೆಕ್ಕ ಅದು. ಇದೇ ಲೆಕ್ಕದಲ್ಲಿ 150 ಎಂದರೆ ಮೂರು ಪಟ್ಟು, 180 ಎಂದರೆ ಒಂಬತ್ತು ಪಟ್ಟು. ಪಾಪ್ ಓಎಸ್ ಎಂಬ ಲಿನಕ್ಸ್ 180 ಇಡುತ್ತದೆ. ನಮ್ಮ ಬಗೆಯ ಯಂತ್ರಕ್ಕೆ 150ರಿಂದ ಶುರು ಮಾಡುವುದು ಒಳ್ಳೆಯದು.

ಬರೆಯುವುದು ಹೀಗೆ. 'ಇಟಿಸಿ' ಫೋಲ್ಡರಿನಲ್ಲಿ 'ಸಿಸ್‌ಸಿಟಿಎಲ್ ಡಾಟ್ ಡಿ' ಎಂಬ ಫೋಲ್ಡರ್ ಇದೆ. ಅದರಲ್ಲಿ '90-ಮೆಮೊರಿ ಡಾಟ್ ಕಾನ್ಫ್' ಎಂಬ ಹೊಸ ಫೈಲ್ ತೆರೆದು ಒಂದು ಸಾಲಿನಲ್ಲಿ 'ವಿಎಂ ಡಾಟ್ ಸ್ವಾಪಿನೆಸ್ = 150' ಎಂದೂ ಮುಂದಿನ ಸಾಲಿನಲ್ಲಿ 'ವಿಎಂ ಡಾಟ್ ಪೇಜ್-ಕ್ಲಸ್ಟರ್ = 0' ಎಂದೂ ಬರೆಯಿರಿ (ಪೇಜ್ ಮತ್ತು ಕ್ಲಸ್ಟರ್ ನಡುವೆ ಡ್ಯಾಶ್). ಎರಡನೆಯದರ ರೂಢಿಯ ಅಂಕಿ 3. ಒಂದು ಪುಟ ಕೇಳಿದರೆ ಅಕ್ಕಪಕ್ಕದ್ದೂ ಸೇರಿ ಎಂಟು ಪುಟ ತರುತ್ತದೆ. ತಿರುಗುವ ಡಿಸ್ಕಿನಲ್ಲಿ ಒಮ್ಮೆ ಹುಡುಕಿದ ಮೇಲೆ ಎಂಟು ತರುವುದು ಜಾಣತನ, ಝಡ್‌ರ‍್ಯಾಮ್‌ನಲ್ಲಿ ಬೇಡದ ಏಳನ್ನು ಬಿಚ್ಚುವ ದಂಡ. ಫೈಲ್ ಉಳಿಸಿ 'ಸುಡೋ ಸಿಸ್‌ಸಿಟಿಎಲ್ ಡ್ಯಾಶ್ ಡ್ಯಾಶ್ ಸಿಸ್ಟಮ್' ಕೊಟ್ಟರೆ ತಕ್ಷಣ ಜಾರಿಗೆ ಬರುತ್ತದೆ, ಮುಂದೆ ಪ್ರತಿ ಸಲ ಯಂತ್ರ ಚಾಲೂ ಆದಾಗಲೂ ಅದೇ ಉಳಿಯುತ್ತದೆ. ಯಾವ ಅಂಕಿ ನಿಜಕ್ಕೂ ಕೂತಿದೆ ಎಂದು ನೋಡಲು 'ಸಿಸ್‌ಸಿಟಿಎಲ್ ವಿಎಂ ಡಾಟ್ ಸ್ವಾಪಿನೆಸ್' ಕೊಡಿ. 'ಯುನೇಮ್ ಡ್ಯಾಶ್ ಆರ್' ಎಂದಾಗ 5.8ಕ್ಕಿಂತ ಹಳೆಯ ಕರ್ನೆಲ್ ಕಂಡರೆ 100ಕ್ಕೆ ನಿಲ್ಲಿಸಿ.

5. ಪೆನ್‌ಡ್ರೈವ್ ಕಾಟಕ್ಕೆ ಬರಹದ ಮಿತಿ ಇಳಿಸಿ. ಗಿರಾಕಿಯ ಪೆನ್‌ಡ್ರೈವಿಗೆ ಮದುವೆ ವಿಡಿಯೋ ಕಾಪಿ ಮಾಡುತ್ತೀರಿ. ಹಸಿರು ಪಟ್ಟಿ ಸರ್ರನೆ ತುದಿ ಮುಟ್ಟುತ್ತದೆ, ಅಲ್ಲಿಗೆ ಬಂದು ನಿಂತುಬಿಡುತ್ತದೆ. ಅವಸರದಲ್ಲಿ ಕಿತ್ತರೆ ಮನೆಗೆ ಹೋದ ಮೇಲೆ ಫೈಲ್ ತೆರೆಯುವುದಿಲ್ಲ. ಕಾರಣವಿಷ್ಟೇ: ಬರೆಯಬೇಕಾದ್ದನ್ನು ಕರ್ನೆಲ್ ಮೊದಲು ರ‍್ಯಾಮಿನಲ್ಲಿ ಕೂಡಿಹಾಕುತ್ತದೆ. ಲಭ್ಯ ಮೆಮೊರಿಯ ಶೇಕಡಾ 10 ಆದಾಗ ಹಿನ್ನೆಲೆಯಲ್ಲಿ ಬರೆಯಲು ಶುರು, ಶೇಕಡಾ 20 ಮುಟ್ಟಿದರೆ ಕಾಪಿ ಮಾಡುತ್ತಿರುವವರನ್ನೇ ತಡೆದು ನಿಲ್ಲಿಸುತ್ತದೆ. 2 ಜಿಬಿ ಲಭ್ಯವಿದ್ದರೆ ಆ ಶೇಕಡಾ 20 ಎಂದರೆ ಸುಮಾರು 400 ಎಂಬಿ. ಸೆಕೆಂಡಿಗೆ 5 ಎಂಬಿ ಬರೆಯುವ ಅಗ್ಗದ ಪೆನ್‌ಡ್ರೈವಿಗೆ ಅಷ್ಟನ್ನು ಇಳಿಸಲು 80 ಸೆಕೆಂಡ್ ಬೇಕು. ಆ ಹೊತ್ತಿನಲ್ಲಿ ಬೇರೆ ಕೆಲಸಗಳೂ ಎಡವುತ್ತವೆ. ಅದೇ ಫೈಲಿಗೆ ಇನ್ನೆರಡು ಸಾಲು ಸೇರಿಸಿ: 'ವಿಎಂ ಡಾಟ್ ಡರ್ಟಿ ಬ್ಯಾಕ್‌ಗ್ರೌಂಡ್ ಬೈಟ್ಸ್ = 16777216', 'ವಿಎಂ ಡಾಟ್ ಡರ್ಟಿ ಬೈಟ್ಸ್ = 50331648'. ಅಂದರೆ 16 ಎಂಬಿ ಮತ್ತು 48 ಎಂಬಿ. ಇವನ್ನು ಇಟ್ಟೊಡನೆ ಶೇಕಡಾ ಲೆಕ್ಕದ ಹಳೆಯ ಎರಡು ಅಂಕಿ ತಾವಾಗಿ ಸೊನ್ನೆಯಾಗುತ್ತವೆ, ಗಾಬರಿ ಬೇಡ. ಹಸಿರು ಪಟ್ಟಿ ಇನ್ನು ನಿಧಾನವಾಗಿ, ಆದರೆ ನಿಜ ಹೇಳುತ್ತ ಸಾಗುತ್ತದೆ. ಆದರೂ ಇಜೆಕ್ಟ್ ಮಾಡದೆ ಕೀಳುವಂತಿಲ್ಲ.

ಕರೆಂಟ್ ಹೋಗುವ ಊರಿನಲ್ಲಿ ಇದಕ್ಕೆ ಇನ್ನೊಂದು ಲಾಭವಿದೆ. ಬರೆಯಬೇಕಾದ ಪುಟ ರೂಢಿಯಂತೆ 30 ಸೆಕೆಂಡಿನವರೆಗೆ ರ‍್ಯಾಮಿನಲ್ಲೇ ಕಾಯುತ್ತ ಇರಬಹುದು, ಅಷ್ಟರಲ್ಲಿ ವಿದ್ಯುತ್ ಹೋದರೆ ಅದು ಹೋದಂತೆಯೇ. 'ವಿಎಂ ಡಾಟ್ ಡರ್ಟಿ ಎಕ್ಸ್‌ಪೈರ್ ಸೆಂಟಿಸೆಕ್ಸ್' ಅನ್ನು (ಡರ್ಟಿ, ಎಕ್ಸ್‌ಪೈರ್, ಸೆಂಟಿಸೆಕ್ಸ್ ನಡುವೆ ಅಂಡರ್‌ಸ್ಕೋರ್) 3000ದಿಂದ 1000ಕ್ಕೆ ಇಳಿಸಿದರೆ ಆ ಕಾಯುವಿಕೆ 10 ಸೆಕೆಂಡಿಗೆ ಇಳಿಯುತ್ತದೆ. ಇದು ಯುಪಿಎಸ್‌ಗೆ ಬದಲಿಯಲ್ಲ.

6. ಕೊಲ್ಲಬೇಕಾದಾಗ ಬೇಗ ಕೊಲ್ಲಲಿ. ಇಷ್ಟಾದರೂ ಮೆಮೊರಿ ಮುಗಿಯುವ ಗಳಿಗೆ ಬರಬಹುದು. ಆಗ ಕರ್ನೆಲ್‌ನ ಓಓಎಂ ಕಿಲ್ಲರ್ ಹೆಚ್ಚು ಮೆಮೊರಿ ಹಿಡಿದ ಪ್ರೋಗ್ರಾಮನ್ನು ಆರಿಸಿ ನಿಲ್ಲಿಸುತ್ತದೆ. ಅದರ ದೋಷ ಒಂದೇ: ಬಹಳ ತಡ. ಒಂದು ಪುಟವಾದರೂ ಸಿಗುತ್ತಿದೆ ಎನ್ನುವವರೆಗೆ ಅದು ಕೈ ಎತ್ತುವುದಿಲ್ಲ, ಅಷ್ಟು ಹೊತ್ತಿಗೆ ನೀವು ಪವರ್ ಬಟನ್ ಒತ್ತಿರುತ್ತೀರಿ. 'ಅರ್ಲಿಓಓಎಂ' ಎಂಬ ಪುಟ್ಟ ಪ್ಯಾಕೇಜ್ ಹಾಕಿದರೆ ಲಭ್ಯ ಮೆಮೊರಿ ಮತ್ತು ಖಾಲಿ ಸ್ವಾಪ್ ಎರಡೂ ಶೇಕಡಾ 10ಕ್ಕಿಂತ ಕೆಳಗಿಳಿದಾಗ ಅದು ಮುಂಚೆಯೇ ಕೆಲಸ ಮಾಡುತ್ತದೆ. ಕ್ರೋಮ್ ಬಳಗದ ಬ್ರೌಸರುಗಳು ತಮ್ಮ ಟ್ಯಾಬುಗಳನ್ನೇ ಮೊದಲ ಬಲಿಯೆಂದು ಗುರುತು ಮಾಡಿಕೊಂಡಿರುತ್ತವೆ, ಹಾಗಾಗಿ ಹೋಗುವುದು ಹೆಚ್ಚಾಗಿ ಒಂದು ಟ್ಯಾಬ್, ಇಡೀ ಯಂತ್ರವಲ್ಲ. ಮೂರನೆಯ ಹೆಜ್ಜೆಯಲ್ಲಿ ಡಿಸ್ಕಿನ ಸ್ವಾಪ್ ಬಿಡಿಸಲು ಇನ್ನೊಂದು ಕಾರಣವೂ ಇದೇ: ಅದು ಉಳಿದಿದ್ದರೆ ಖಾಲಿ ಸ್ವಾಪ್ ಬಹಳ ಇದೆಯೆಂದು ಅರ್ಲಿಓಓಎಂ ಸುಮ್ಮನಿರುತ್ತದೆ, ಡಿಸ್ಕ್ ಒದ್ದಾಡುತ್ತಿರುತ್ತದೆ. ಉಬುಂಟು 22.04ರಿಂದ ಅದರ ಡೆಸ್ಕ್‌ಟಾಪ್‌ನಲ್ಲಿ ಸಿಸ್ಟಮ್‌ಡಿ-ಓಓಎಂಡಿ ಎಂಬುದು ಆಗಲೇ ಇರುತ್ತದೆ. ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳಿ.

ಓವರ್‌ಕಮಿಟ್: ಕೈ ಹಾಕಬಾರದ ಅಂಕಿ

ಮೆಮೊರಿ ಹಂಚಿಕೆಯ ಸೆಟ್ಟಿಂಗ್ ಎಂದು ಹುಡುಕಿದರೆ ಮೊದಲು ಸಿಗುವ ಹೆಸರು 'ವಿಎಂ ಡಾಟ್ ಓವರ್‌ಕಮಿಟ್ ಮೆಮೊರಿ'. ಇದನ್ನು ಬದಲಿಸಬೇಡಿ ಎಂದು ಹೇಳುವುದಕ್ಕೇ ಇಷ್ಟು ಬರೆಯಬೇಕಾಗಿದೆ. ಪ್ರೋಗ್ರಾಮ್ 500 ಎಂಬಿ ಕೇಳಿದಾಗ ಕರ್ನೆಲ್ ಒಪ್ಪಿಗೆ ಮಾತ್ರ ಕೊಡುತ್ತದೆ, ನಿಜವಾದ ಪುಟ ಕೊಡುವುದು ಆ ಜಾಗವನ್ನು ಮೊದಲ ಸಲ ಮುಟ್ಟಿದಾಗ. ಕೇಳಿದ್ದನ್ನೆಲ್ಲ ಬಳಸುವ ಪ್ರೋಗ್ರಾಮ್ ವಿರಳ. ಸಾವಿರ ಲಗ್ನಪತ್ರಿಕೆ ಹಂಚಿ ಆರುನೂರು ಜನಕ್ಕೆ ಅಡುಗೆ ಮಾಡಿಸುವ ಲೆಕ್ಕ ಇದು. ಅಂಕಿ 0 ಆಗಿದ್ದರೆ, ರೂಢಿಯದು ಇದೇ, ತೀರ ಅಸಾಧ್ಯವಾದ ಬೇಡಿಕೆಯನ್ನಷ್ಟೇ ತಳ್ಳಿಹಾಕುತ್ತದೆ. 1 ಆದರೆ ಯಾವುದನ್ನೂ ತಳ್ಳಿಹಾಕದು. 2 ಆದರೆ ಸ್ವಾಪ್ ಮತ್ತು ರ‍್ಯಾಮಿನ ಶೇಕಡಾ 50, ಇವುಗಳ ಮೊತ್ತ ಮೀರಿದ ಒಪ್ಪಿಗೆಯನ್ನೇ ಕೊಡದು.

2 ಶಿಸ್ತಿನದು, ಆದ್ದರಿಂದ ಅದೇ ಲೇಸು ಎಂದು ವಾದಿಸುವವರಿದ್ದಾರೆ. ಕೊಟ್ಟ ಮಾತು ಉಳಿಸಿಕೊಳ್ಳಲಾಗದೆ ಆಮೇಲೆ ಪ್ರೋಗ್ರಾಮನ್ನು ಕೊಲ್ಲುವ ಬದಲು ಮೊದಲೇ ಇಲ್ಲವೆನ್ನುವುದು ಪ್ರಾಮಾಣಿಕ ಎಂಬುದು ಅವರ ಮಾತು. ಡೇಟಾಬೇಸ್ ಒಂದಕ್ಕೇ ಮೀಸಲಾದ ಸರ್ವರಿನಲ್ಲಿ ಈ ವಾದ ನಿಲ್ಲುತ್ತದೆ. ಪೋಸ್ಟ್‌ಗ್ರೆಸ್ ಕೈಪಿಡಿ 2ನ್ನು ಸೂಚಿಸುತ್ತದೆ, ರೆಡಿಸ್ ಎಂಬ ಇನ್ನೊಂದು ಡೇಟಾಬೇಸ್ ಅದಕ್ಕೆ ಎದುರಾಗಿ 1 ಬೇಡುತ್ತದೆ. ಒಂದೇ ಅಂಕಿ ಎಲ್ಲರಿಗೂ ಸರಿಹೊಂದದು ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು. ನಮ್ಮ ಅಂಗಡಿಯ ಯಂತ್ರದಲ್ಲಿ 4 ಜಿಬಿಯ ಅರ್ಧ 2 ಜಿಬಿ, ಝಡ್‌ರ‍್ಯಾಮ್ 2 ಜಿಬಿ, ಒಟ್ಟು ಮಿತಿ 4 ಜಿಬಿ. 'ಪ್ರಾಕ್' ಒಳಗಿನ 'ಮೆಮ್‌ಇನ್ಫೋ' ಫೈಲಿನಲ್ಲಿ 'ಕಮಿಟೆಡ್ ಎಎಸ್' ಎಂಬ ಸಾಲನ್ನು ಅಂಗಡಿಯ ಗದ್ದಲದ ಹೊತ್ತಿನಲ್ಲಿ ನೋಡಿ. ಬ್ರೌಸರಿನ ಜೊತೆ ಲಿಬ್ರೆ ಆಫೀಸ್ ತೆರೆದಿರುವಾಗ ಅದು ಈ ಮಿತಿಯನ್ನು ದಾಟಿದ್ದರೆ, 2 ಇಟ್ಟ ದಿನ ರ‍್ಯಾಮ್ ಉಳಿದಿರುವಾಗಲೇ ಟ್ಯಾಬುಗಳು ಸಾಯತೊಡಗುತ್ತವೆ. ಬಹುತೇಕ ಪ್ರೋಗ್ರಾಮುಗಳಿಗೆ 'ಇಲ್ಲ' ಎಂಬ ಉತ್ತರವನ್ನು ಸರಿಯಾಗಿ ನಿಭಾಯಿಸಲು ಬರುವುದೇ ಇಲ್ಲ.

ಸಾಮಾನ್ಯ ತಪ್ಪುಗಳು

ಅತಿ ಹೆಚ್ಚು ಕಾಣುವುದು 'ಡ್ರಾಪ್ ಕ್ಯಾಶಸ್'ಗೆ 3 ಬರೆದು ಗಂಟೆಗೊಮ್ಮೆ ಮೆಮೊರಿ 'ಸ್ವಚ್ಛ' ಮಾಡುವ, ಹೊತ್ತಿಗೆ ಸರಿಯಾಗಿ ತಾನಾಗಿ ಓಡುವ ಕ್ರಾನ್ ಸಾಲು. ಇದು ಉಪಯುಕ್ತ ಫೈಲ್ ಪುಟಗಳನ್ನೇ ಬಿಸಾಡುತ್ತದೆ. 'ಫ್ರೀ' ಕಾಲಂ ಹಿಗ್ಗಿದಂತೆ ಕಾಣುತ್ತದೆ, ಮುಂದಿನ ಕ್ಲಿಕ್ಕಿಗೆ ಎಲ್ಲವನ್ನೂ ಡಿಸ್ಕಿನಿಂದ ಮತ್ತೆ ತರಬೇಕಾಗುತ್ತದೆ. ಪರೀಕ್ಷೆ ಮಾಡುವವರಿಗೆಂದು ಇಟ್ಟ ಸೌಲಭ್ಯ ಅದು, ದಿನನಿತ್ಯದ ಬಳಕೆಗಲ್ಲ.

ಎರಡನೆಯದು ಹಳೆಯ ಸಾಲು ಮರೆಯುವುದು. ಹಿಂದೆ ಯಾರೋ 'ಇಟಿಸಿ' ಫೋಲ್ಡರಿನ 'ಸಿಸ್‌ಸಿಟಿಎಲ್ ಡಾಟ್ ಕಾನ್ಫ್' ಫೈಲಿನಲ್ಲಿ ಸ್ವಾಪಿನೆಸ್ 10 ಎಂದು ಬರೆದು ಹೋಗಿದ್ದರೆ, ಎಲ್ಲಕ್ಕಿಂತ ಕೊನೆಗೆ ಓದಲ್ಪಡುವ ಆ ಸಾಲೇ ಗೆಲ್ಲುತ್ತದೆ. ನೀವು ಹೊಸ ಫೈಲಿನಲ್ಲಿ ಏನೇ ಬರೆದರೂ ಫಲವಿಲ್ಲ. ಮೂರನೆಯದು 'ಮಿನ್ ಫ್ರೀ ಕೆಬೈಟ್ಸ್' ಅನ್ನು ಏರಿಸುವುದು. ಸದಾ ಇಷ್ಟು ಖಾಲಿ ಇರಲಿ ಎಂದು 1 ಜಿಬಿ ಬರೆದರೆ ಆ 1 ಜಿಬಿ ನಿಮ್ಮ ಪ್ರೋಗ್ರಾಮುಗಳಿಗೆ ಇಲ್ಲದಂತೆಯೇ, ಓಓಎಂ ಕಿಲ್ಲರ್ ಆ ಕ್ಷಣವೇ ಎದ್ದರೂ ಎದ್ದೀತು. ಬಹಳ ಇಳಿಸಿದರೆ ಯಂತ್ರವೇ ಕಟ್ಟಿಕೊಳ್ಳಬಹುದು. 'ವಿಎಫ್‌ಎಸ್ ಕ್ಯಾಶ್ ಪ್ರೆಶರ್' 100ರಿಂದ 50ಕ್ಕೆ ಇಳಿಸಿದರೆ ಹಾನಿಯೂ ಇಲ್ಲ, ಹೆಚ್ಚಿನ ಲಾಭವೂ ಇಲ್ಲ, 0 ಮಾತ್ರ ಮಾಡಬಾರದು. ಝಡ್‌ಸ್ವಾಪ್ ಎಂಬ ಹೆಸರಿನ ಇನ್ನೊಂದು ಸೌಲಭ್ಯವಿದೆ. ಅದು ಡಿಸ್ಕಿನ ಸ್ವಾಪ್ ಮುಂದೆ ನಿಂತು ಒತ್ತುವಂಥದು, ಝಡ್‌ರ‍್ಯಾಮ್ ಜೊತೆಗೆ ಅದನ್ನೂ ಓಡಿಸುವುದು ಒತ್ತಿದ್ದನ್ನೇ ಮತ್ತೆ ಒತ್ತುವ ವ್ಯರ್ಥ ಕೆಲಸ.

ಇನ್ನೊಂದು, ಹೊಸ ವ್ಯವಸ್ಥೆಯನ್ನು ಹಳೆಯ ಅಳತೆಗೋಲಿನಿಂದ ನೋಡುವುದು. 'ವಿಎಂಸ್ಟ್ಯಾಟ್ 1' ಕೊಟ್ಟಾಗ 'ಎಸ್‌ಐ', 'ಎಸ್‌ಓ' ಕಾಲಂಗಳಲ್ಲಿ ದೊಡ್ಡ ಅಂಕಿ ಬಂದರೆ ಹಿಂದೆ ಅದು ಅಪಾಯದ ಗುರುತು. ಈಗ ಅವು ಝಡ್‌ರ‍್ಯಾಮ್‌ನ ಓಡಾಟವನ್ನೂ ಎಣಿಸುತ್ತವೆ, ಅಂಕಿ ಏರುವುದು ಸಹಜ. ನೋಡಬೇಕಾದದ್ದು ಮೊದಲ ಹೆಜ್ಜೆಯಲ್ಲಿ ಬರೆದಿಟ್ಟ 'ಫುಲ್ ಎವಿಜಿ10'. ಅದು ಇಳಿದಿದ್ದರೆ ಬದಲಾವಣೆ ಫಲಿಸಿದೆ. ಇಳಿಯದಿದ್ದರೆ ನೀವು ಸೇರಿಸಿದ ಸಾಲುಗಳನ್ನು ತೆಗೆದುಬಿಡಿ. ಯಾರೋ ಹೇಳಿದರೆಂಬ ಒಂದೇ ಕಾರಣಕ್ಕೆ, ಈ ಲೇಖನ ಹೇಳಿತೆಂಬ ಕಾರಣಕ್ಕೂ, ಅಂಕಿಯನ್ನು ಉಳಿಸಿಕೊಳ್ಳಬೇಕಿಲ್ಲ.

ಕೆಲವು ಆಕ್ಷೇಪಗಳು

ಹಳೆಯ ಡ್ಯುಯಲ್ ಕೋರ್ ಪ್ರೊಸೆಸರ್ ಒತ್ತುವ ಕೆಲಸಕ್ಕೇ ದಣಿದುಬಿಡುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಎಲ್‌ಝಡ್4 ಒಂದು ಕೋರ್‌ನಲ್ಲಿ ಸೆಕೆಂಡಿಗೆ ನೂರಾರು ಎಂಬಿ ಒತ್ತುತ್ತದೆ. ಹಾರ್ಡ್ ಡಿಸ್ಕಿನ 400 ಕೆಬಿಯ ಎದುರು ಇದು ನೂರಾರು ಪಟ್ಟು. ಅಲ್ಲದೆ ಡಿಸ್ಕಿಗಾಗಿ ಕಾಯುವಾಗ ಆ ಪ್ರೊಸೆಸರ್ ಸುಮ್ಮನೆ ಕೂತೇ ಇರುತ್ತದೆ. ಇನ್ನೂ ಚೆನ್ನಾಗಿ ಕುಗ್ಗಿಸುವ ಝಡ್‌ಸ್ಟ್ಯಾಂಡರ್ಡ್ ವಿಧಾನವೂ ಇದೆ, ಆದರೆ ಅದು ನಿಧಾನ. ಹಳೆಯ ಪ್ರೊಸೆಸರಿಗೆ ಎಲ್‌ಝಡ್4 ಸಾಕು. ಒಂದು ಮಿತಿ ಮಾತ್ರ ನಿಜ: ಫೋಟೋ, ವಿಡಿಯೋಗಳಂತೆ ಮೊದಲೇ ಒತ್ತಿದ ದತ್ತಾಂಶ ಇನ್ನು ಕುಗ್ಗುವುದಿಲ್ಲ. ವಿಡಿಯೋ ಎಡಿಟಿಂಗ್ ಮಾಡುವವರಿಗೆ ಈ ಯಂತ್ರವೂ ಈ ಉಪಾಯವೂ ಸಾಲವು.

ಇಷ್ಟೆಲ್ಲ ಒದ್ದಾಡುವ ಬದಲು ಇನ್ನೊಂದು 4 ಜಿಬಿ ರ‍್ಯಾಮ್ ಹಾಕಿಸಬಾರದೇ ಎಂಬುದು ಎಲ್ಲಕ್ಕಿಂತ ಬಲವಾದ ಆಕ್ಷೇಪ. ಖಂಡಿತ ಹಾಕಿಸಿ. ಯಾವ ಸೆಟ್ಟಿಂಗೂ ನಿಜವಾದ ರ‍್ಯಾಮಿಗೆ ಸಮನಲ್ಲ, ಅದರ ಜೊತೆಗೆ ಹಾರ್ಡ್ ಡಿಸ್ಕ್ ತೆಗೆದು ಸಣ್ಣ ಎಸ್‌ಎಸ್‌ಡಿ ಹಾಕಿಸಿದರೆ ಯಂತ್ರದ ಚಹರೆಯೇ ಬದಲಾಗುತ್ತದೆ. ಆದರೆ ಆ ಸಲಹೆ ಎಲ್ಲರ ಕೈಗೆಟುಕದು. ಕೊಹಿನೂರದಿಂದ ಬಸವಕಲ್ಯಾಣಕ್ಕೋ ಹುಮನಾಬಾದಿಗೋ ಹೋಗಿ ಹಳೆಯ ಡಿಡಿಆರ್3 ಹುಡುಕಬೇಕು. ಹೋಗುವ ಮುಂಚೆ ಮೂರು ಸಂಗತಿ ತಿಳಿದುಕೊಂಡಿರಿ: ಬೋರ್ಡಿನಲ್ಲಿ ಖಾಲಿ ಸ್ಲಾಟ್ ಇದೆಯೇ, ಬೋರ್ಡ್ ಗರಿಷ್ಠ ಎಷ್ಟು ಒಪ್ಪುತ್ತದೆ, ಲ್ಯಾಪ್‌ಟಾಪ್ ಆದರೆ ಅದಕ್ಕೆ 1.35 ವೋಲ್ಟಿನ ಡಿಡಿಆರ್3ಎಲ್ ಬೇಕೇ ಅಥವಾ 1.5 ವೋಲ್ಟಿನ ಸಾದಾ ಡಿಡಿಆರ್3 ಸಾಕೇ. 1.35 ವೋಲ್ಟನ್ನೇ ಬೇಡುವ ಲ್ಯಾಪ್‌ಟಾಪಿಗೆ ಸಾದಾ ಡಿಡಿಆರ್3 ಹಾಕಿದರೆ ಅದು ಚಾಲೂ ಆಗುವುದಿಲ್ಲ. 'ಸುಡೋ ಡಿಎಂಐಡಿಕೋಡ್ ಡ್ಯಾಶ್ ಟಿ ಮೆಮೊರಿ' ಎಂಬ ಕಮಾಂಡ್ ಈಗಿರುವ ರ‍್ಯಾಮಿನ ಜಾತಿ, ವೇಗ, ಸ್ಲಾಟುಗಳ ಸಂಖ್ಯೆ ತೋರಿಸುತ್ತದೆ. ಅದನ್ನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಅಂಗಡಿಗೆ ಹೋದರೆ ಎರಡನೆಯ ಸಲ ಬಸ್ ಹತ್ತುವ ಪ್ರಮೇಯವಿರದು.

8 ಜಿಬಿ ಆದ ಮೇಲೂ ಝಡ್‌ರ‍್ಯಾಮ್ ಇರಲಿ, 'ಪರ್ಸೆಂಟ್' 25ಕ್ಕೆ ಇಳಿಸಬಹುದು. ಸ್ವಾಪಿನೆಸ್ 150 ಹಾಗೇ ಉಳಿಯಲಿ, ಏಕೆಂದರೆ ಸ್ವಾಪ್ ಇನ್ನೂ ರ‍್ಯಾಮಿನಲ್ಲೇ ಇದೆ. ಮುಂದೆ ಎಂದಾದರೂ ಝಡ್‌ರ‍್ಯಾಮ್ ತೆಗೆದು ಡಿಸ್ಕಿನ ಸ್ವಾಪಿಗೆ ಮರಳಿದರೆ ಅದೇ ದಿನ '90-ಮೆಮೊರಿ ಡಾಟ್ ಕಾನ್ಫ್' ಫೈಲಿನಿಂದ ಸ್ವಾಪಿನೆಸ್ ಮತ್ತು ಪೇಜ್-ಕ್ಲಸ್ಟರ್ ಸಾಲುಗಳನ್ನು ಅಳಿಸಿ ಮರುಚಾಲೂ ಮಾಡಬೇಕು. ಪೆನ್‌ಡ್ರೈವಿಗೆಂದು ಬರೆದ ಸಾಲುಗಳು ರ‍್ಯಾಮ್ ಎಷ್ಟೇ ಆದರೂ ಇರಬಹುದು.